ಗಾಯಕರು ಬದಲಾದ ಮೇಲೆ ಹಳೆಯ ಹಾಡುಗಳನ್ನು ಮತ್ತೆ ರೆಕಾರ್ಡ್ ಮಾಡಬಹುದೇ?

ನಮಸ್ಕಾರ. ನಿಮ್ಮ ಪಂಕ್ ಬ್ಯಾಂಡಿನ ಗಾಯಕರು ಬಿಟ್ಟುಹೋಗಿ ಹೊಸಬರು ಬಂದಿರುವುದರಿಂದ, ಹಳಬರ ದನಿಯಲ್ಲಿ ಜನರಿಗೆ ಪರಿಚಯವಾಗಿರುವ ಹಾಡುಗಳನ್ನೇ ಹೊಸಬರಿಂದ ಹಾಡಿಸಿ ಆಲ್ಬಂ ಮಾಡಬಹುದೇ ಎಂದು ಕೇಳಿದ್ದೀರಿ. ಖಂಡಿತ ಮಾಡಬಹುದು. ಅಮೆರಿಕದ ಬ್ಲ್ಯಾಕ್ ಫ್ಲ್ಯಾಗ್ ತಂಡ 1981ರಲ್ಲಿ ತಂದ ‘ಡ್ಯಾಮೇಜ್ಡ್’ ಹೀಗೆಯೇ ಆದ ಆಲ್ಬಂ.

ಗಿಟಾರ್ ವಾದಕ ಗ್ರೆಗ್ ಗಿನ್ 1976ರಲ್ಲಿ ಕ್ಯಾಲಿಫೋರ್ನಿಯಾದ ಹರ್ಮೋಸಾ ಬೀಚ್‌ನಲ್ಲಿ ಕಟ್ಟಿದ ಈ ತಂಡಕ್ಕೆ ಮೊದಲು ಕೀತ್ ಮಾರಿಸ್, ಆಮೇಲೆ ರಾನ್ ರೇಯಸ್, ಅನಂತರ ಡೆಜ್ ಕಡೀನಾ ಹಾಡಿದರು. ಕೂಗಿ ಕೂಗಿ ಕಡೀನಾ ಅವರ ಗಂಟಲು ಸೋತಿತ್ತು, ಗಿಟಾರ್ ಹಿಡಿಯುವ ಆಸೆಯೂ ಅವರಿಗಿತ್ತು. ಆ ಹೊತ್ತಿಗೆ ಸಿಕ್ಕಿದವರು, ವಾಷಿಂಗ್ಟನ್ನಿನಲ್ಲಿ ಐಸ್‌ಕ್ರೀಮ್ ಅಂಗಡಿ ನೋಡಿಕೊಳ್ಳುತ್ತಿದ್ದ, ನ್ಯೂಯಾರ್ಕಿನ ಕಾರ್ಯಕ್ರಮವೊಂದರಲ್ಲಿ ವೇದಿಕೆ ಹತ್ತಿ ತಂಡದೊಂದಿಗೆ ಒಂದು ಹಾಡು ಹಾಡಿದ್ದ, 20 ವರ್ಷದ ಹೆನ್ರಿ ರಾಲಿನ್ಸ್.

ಮುಂದೆ ತಂಡದವರು ಮಾಡಿದ್ದನ್ನು ನೀವು ಗಮನಿಸಬೇಕು. ರಾಲಿನ್ಸ್ ಅವರನ್ನು ನೇರವಾಗಿ ಸ್ಟುಡಿಯೋಗೆ ಕರೆದೊಯ್ಯದೆ ಪ್ರವಾಸದಲ್ಲಿ ಜೊತೆಗಿಟ್ಟುಕೊಂಡು, ಕಾರ್ಯಕ್ರಮಕ್ಕೆ ಮುಂಚಿನ ಧ್ವನಿ ಪರೀಕ್ಷೆಯಾದ ಸೌಂಡ್‌ಚೆಕ್‌ನಲ್ಲೂ ಕಾರ್ಯಕ್ರಮದ ಕೊನೆಯ ಹಾಡುಗಳಲ್ಲೂ ಹಾಡಿಸಿ ಪಳಗಿಸಿದರು. ಲಾಸ್ ಏಂಜಲೀಸಿನ ಯೂನಿಕಾರ್ನ್ ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ನಡೆದದ್ದು ಆ ಬಳಿಕ. ಕಡೀನಾ ಅವರನ್ನೂ ಕಳಿಸಿಬಿಡದೆ ಎರಡನೆಯ ಗಿಟಾರಿಗೆ ಹಾಕಿಕೊಂಡರು. ಆಲ್ಬಮ್ಮಿನ ಕೀರ್ತಿ ರಾಲಿನ್ಸ್ ಅವರ ಪಾಲಾಗಿದೆಯಾದರೂ, ಅದಕ್ಕಿರುವ ದಟ್ಟವಾದ ತೂಕದಲ್ಲಿ ಅರ್ಧ ಈ ಎರಡನೆಯ ಗಿಟಾರಿನದು ಎಂಬುದು ನನ್ನ ಅಭಿಪ್ರಾಯ. ನಿಮ್ಮ ಹಳೆಯ ಗಾಯಕರು ಜಗಳವಿಲ್ಲದೆ ಹೋಗಿದ್ದರೆ, ಕೋರಸ್ಸಿಗಾದರೂ ಕರೆಯಿರಿ. ‘ರೈಸ್ ಅಬೌವ್’ ಹಾಡಿನಲ್ಲಿ ಎಲ್ಲರೂ ಸೇರಿ ಕೂಗುವ ಸಾಲುಗಳನ್ನು ಕೇಳಿದರೆ ಅದರ ಪ್ರಯೋಜನ ತಿಳಿಯುತ್ತದೆ.

ಹೊಸ ಗಾಯಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಡಿಪ್ರೆಷನ್’ ಎಂಬ ಒಂದೇ ಹಾಡನ್ನು ನಾಲ್ಕೂ ದನಿಗಳಲ್ಲಿ ಕೇಳಿಸಿ. ಮೊದಲ ಮೂವರು ಹಾಡಿದ್ದು ‘ಎವೆರಿಥಿಂಗ್ ವೆಂಟ್ ಬ್ಲ್ಯಾಕ್’ ಸಂಕಲನದಲ್ಲಿ ಸಿಗುತ್ತದೆ. ಮಾರಿಸ್ ಮೂಗಿನಿಂದ ಅಣಕಿಸುವಂತೆ ಹಾಡುತ್ತಾರೆ, ರೇಯಸ್ ಚೂಪಾಗಿ ಕಿರುಚುತ್ತಾರೆ, ಕಡೀನಾ ಅವರದು ಒಡೆದ ಗಂಟಲು, ರಾಲಿನ್ಸ್ ಎದೆಯಿಂದ ಗದರಿಸುತ್ತಾರೆ. ಯಾರೂ ಹಿಂದಿನವರ ನಕಲು ಮಾಡಿಲ್ಲ. ಆದ್ದರಿಂದ ನಿಮ್ಮ ಗಾಯಕರಿಗೆ ಹಳೆಯ ರೆಕಾರ್ಡಿಂಗ್ ಕೊಟ್ಟು ಕಲಿಯಲು ಹೇಳಬೇಡಿ. ಸಾಹಿತ್ಯದ ಹಾಳೆಯನ್ನೂ ದನಿಯಿಲ್ಲದ ಟ್ರ್ಯಾಕನ್ನೂ ಕೊಡಿ. ಶ್ರುತಿ ಎಟುಕದಿದ್ದರೆ ಗಿಟಾರುಗಳನ್ನು ಅರ್ಧ ಸ್ವರ ಇಳಿಸಿ, ಗಂಟಲು ಹರಿಯುವಷ್ಟು ಕೂಗಬೇಕಾದ ಹಾಡನ್ನು ದಿನದ ಕೊನೆಗೆ ಇಟ್ಟುಕೊಳ್ಳಿ.

ಒಂದು ಹಾಡನ್ನಾದರೂ ಹೊಸ ಗಾಯಕರ ಪಾಲಿಗೇ ಬಿಡಿ. ಕಡೀನಾ ಅದೇ ವರ್ಷ ಹಾಡಿದ್ದ ‘ಡ್ಯಾಮೇಜ್ಡ್ 1’ಕ್ಕೆ ಆಲ್ಬಮ್ಮಿನಲ್ಲಿ ರಾಲಿನ್ಸ್ ಮೈಕಿನ ಮುಂದೆ ನಿಂತಲ್ಲೇ ತಮ್ಮ ಮಾತುಗಳನ್ನು ಹೊಸೆದರು. ಆಲ್ಬಮ್ಮಿನ ಕಡೆಯಲ್ಲಿ ಬರುವ ಆ ಹಾಡು ನಿಧಾನವಾಗಿ, ಉಸಿರು ಕಟ್ಟಿಸುವಂತೆ ಸಾಗುತ್ತದೆ, ಅದನ್ನು ಬೇರೆ ಯಾರ ಬಾಯಲ್ಲಿಯೂ ಊಹಿಸಿಕೊಳ್ಳುವುದು ನನಗಂತೂ ಕಷ್ಟ.

ಹಕ್ಕುಗಳ ಮಾತು ಬೇಸರದ್ದೇ, ಆದರೂ ಬಿಡುವಂತಿಲ್ಲ. ಬ್ಲ್ಯಾಕ್ ಫ್ಲ್ಯಾಗ್ ಹಾಡುಗಳಲ್ಲಿ ಹೆಚ್ಚಿನವನ್ನು ಬರೆದವರು ಗಿನ್ ಆದ್ದರಿಂದ ಗಾಯಕರು ಹೋದರೂ ಹಾಡುಗಳು ತಂಡದಲ್ಲೇ ಉಳಿದವು. ನಿಮ್ಮಲ್ಲಿ ಹಳೆಯ ಗಾಯಕರೇ ಸಾಹಿತ್ಯ ಬರೆದಿದ್ದರೆ ಅವರ ಒಪ್ಪಿಗೆಯನ್ನೂ ಪಾಲನ್ನೂ ಕಾಗದದಲ್ಲಿ ಬರೆಸಿಕೊಳ್ಳಿ. ಬಿಡುಗಡೆ ಮಾಡುವವರೊಂದಿಗಿನ ಒಪ್ಪಂದವನ್ನು ವಕೀಲರೊಬ್ಬರಿಗೆ ತೋರಿಸದೆ ಸಹಿ ಹಾಕಬೇಡಿ. ಬ್ಲ್ಯಾಕ್ ಫ್ಲ್ಯಾಗ್‌ನ ಆಲ್ಬಮ್ಮನ್ನು ಮಾರುಕಟ್ಟೆಗೆ ತಲುಪಿಸಬೇಕಿದ್ದ ದೊಡ್ಡ ರೆಕಾರ್ಡ್ ಕಂಪನಿ ಎಂಸಿಎ, ಇದು ಹೆತ್ತವರ ವಿರುದ್ಧದ ರೆಕಾರ್ಡ್ ಎಂದು ಹಿಂದೆಗೆಯಿತು. ಬಳಿಕ, ಸ್ಟುಡಿಯೋ ಅಷ್ಟೇ ಅಲ್ಲದೆ ರೆಕಾರ್ಡ್ ಕಂಪನಿಯೂ ಆಗಿದ್ದ ಯೂನಿಕಾರ್ನ್ ಜೊತೆ ವ್ಯಾಜ್ಯ ಹತ್ತಿ, 1983ರಲ್ಲಿ ಆ ಸಂಸ್ಥೆ ದಿವಾಳಿಯಾಗುವವರೆಗೆ ತಂಡ ತನ್ನದೇ ಹೆಸರಿನಲ್ಲಿ ರೆಕಾರ್ಡ್ ತರುವಂತಿರಲಿಲ್ಲ. ಮೇಲೆ ಹೇಳಿದ ಸಂಕಲನವನ್ನು ತಂಡದ ಹೆಸರಿಲ್ಲದೆ ತಂದರೂ, ನ್ಯಾಯಾಲಯದ ಆದೇಶ ಮೀರಿದರೆಂದು ಗಿನ್ ಮತ್ತು ಬೇಸ್ ವಾದಕ ಚಕ್ ಡುಕೋವ್ಸ್ಕಿ ಕೆಲವು ದಿನ ಜೈಲಿನಲ್ಲಿ ಇರಬೇಕಾಯಿತು.