ದಿನಾ ಸತ್ಯವೇದ (ಬೈಬಲ್) ಓದಿದರೂ ಸಾಲದ ಚಿಂತೆ, ಸಿಟ್ಟು ಹೋಗುತ್ತಿಲ್ಲ. ನನ್ನ ನಂಬಿಕೆ ಕಡಿಮೆಯಾ?

ನೀವು ಬರೆದದ್ದರಲ್ಲಿ ನನಗೆ ಅರ್ಥವಾದದ್ದು ಇಷ್ಟು. ಅಂಗಡಿ ಮುಚ್ಚಿದೆ. ಎರಡು ಕಡೆ ಸಾಲ, ಅದರಲ್ಲಿ ಒಂದು ಮೈಕ್ರೋ ಫೈನಾನ್ಸಿನದು. ಹೆಂಡತಿಗೆ ಅರ್ಧ ಮಾತ್ರ ಗೊತ್ತು. ಸಿಟ್ಟೆಲ್ಲ ಮಕ್ಕಳ ಮೇಲೆ ಹೋಗುತ್ತಿದೆ, ರಾತ್ರಿ ನಿದ್ದೆ ಇಲ್ಲ. ಹೊಸ ವರ್ಷದ ರಾತ್ರಿ ಆರಾಧನೆಯಲ್ಲಿ ಸಿಕ್ಕ, ಒಂದೇ ವಚನ ಬರೆದ ವಾಗ್ದಾನದ ಕಾರ್ಡಿನಲ್ಲಿ ಯೆರೆಮೀಯ 29:11 ಇತ್ತು. ಫೋನಿನ ಪರದೆ ಮೇಲೆ ಫಿಲಿಪ್ಪಿ 4:13 ಇದೆ. ಎರಡನ್ನೂ ದಿನಾ ಹೇಳಿಕೊಂಡರೂ ಏನೂ ಬದಲಾಗಲಿಲ್ಲ. ಹಾಗಾಗಿ ನಂಬಿಕೆ ಕಡಿಮೆಯಾ, ಬೆಳೆಯುತ್ತಿದ್ದೇನೆ ಅಂತ ಗೊತ್ತಾಗುವುದು ಹೇಗೆ ಅಂತ ಕೇಳಿದ್ದೀರಿ.

ನಾನು ಪಾಸ್ಟರ್ ಅಲ್ಲ. ಮನೆಯಲ್ಲಿ ಪ್ರಾರ್ಥನೆ ಕೂಟ ನಡೆಸುತ್ತೇನೆ, ಅಷ್ಟೇ. ಅಲ್ಲಿಗೆ ಬರುವವರು ಕೂಡ ಜಾಸ್ತಿ ಕೇಳುವುದು ಇದನ್ನೇ. ನನ್ನ ಪ್ರಕಾರ ಕೊರತೆ ನಿಮ್ಮ ನಂಬಿಕೆಯದಲ್ಲ, ಆ ಕಾರ್ಡಿನದು. ವಾಕ್ಯದ ಹಿಂದೆ ಏನಿದೆ, ಮುಂದೆ ಏನಿದೆ ಅನ್ನುವುದನ್ನು ಕಾರ್ಡು ಬಿಟ್ಟುಬಿಡುತ್ತದೆ. ನೀವು ಮಾಡಬೇಕಾದ ಕೆಲಸ ಇರುವುದು ಅಲ್ಲೇ.

ಯೆರೆಮೀಯನಿಂದ ಶುರು ಮಾಡೋಣ. 29ನೇ ಅಧ್ಯಾಯ ಒಂದು ಕಾಗದ. ಕ್ರಿಸ್ತಪೂರ್ವ 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರ ಯೆರೂಸಲೇಮಿನ ರಾಜನನ್ನೂ ದೊಡ್ಡವರನ್ನೂ ಕಸುಬುದಾರರನ್ನೂ ಸೆರೆಹಿಡಿದು ಬಾಬೆಲಿಗೆ ಒಯ್ದ. ಮನೆ, ಹೊಲ, ದೇವಾಲಯ ಎಲ್ಲ ಹಿಂದೆ ಉಳಿಯಿತು. ಅಲ್ಲಿ ಕೂತು 'ನಾಳೆ ವಾಪಸ್ ಹೋಗುತ್ತೇವೆ' ಅಂತ ಕಾಯುತ್ತಿದ್ದವರಿಗೆ ಪ್ರವಾದಿ ಯೆರೆಮೀಯ ಬರೆದ ಕಾಗದ ಇದು.

ಹಿಂದಿನ ಅಧ್ಯಾಯವನ್ನೂ ಓದಿ. ಅಲ್ಲಿ ಹನನ್ಯ ಅನ್ನುವವನು ದೇವಾಲಯದಲ್ಲಿ ಜನರ ಎದುರು ನಿಂತು, ಇನ್ನು ಎರಡು ವರ್ಷದೊಳಗೆ ಎಲ್ಲ ಸರಿಹೋಗುತ್ತದೆ, ಸೆರೆಯವರೆಲ್ಲ ವಾಪಸ್ ಬರುತ್ತಾರೆ ಅಂತ ದೇವರ ಹೆಸರಿನಲ್ಲೇ ಹೇಳುತ್ತಾನೆ. ಬಾಬೆಲಿಗೆ ಅಧೀನರಾಗಿರಬೇಕು ಅನ್ನುವುದರ ಗುರುತಾಗಿ ಯೆರೆಮೀಯ ಹೊತ್ತಿದ್ದ ಮರದ ನೊಗವನ್ನು ಕಿತ್ತು ಮುರಿದೂ ಹಾಕುತ್ತಾನೆ. ಜನರಿಗೆ ಇದಕ್ಕಿಂತ ಒಳ್ಳೆ ಸುದ್ದಿ ಇನ್ನೇನು ಬೇಕು? ಆದರೆ ಅದು ಸುಳ್ಳು ಪ್ರವಾದನೆ. 'ಈ ವಾರದೊಳಗೆ ನಿಮ್ಮ ಸಾಲ ತೀರುತ್ತದೆ, ಆಮೆನ್ ಅಂತ ಟೈಪ್ ಮಾಡಿ' ಅನ್ನುವ ವಿಡಿಯೊಗಳು ನಿಮಗೂ ಬಂದಿರಬೇಕು. ಹನನ್ಯನಿಗೆ ಫೋನ್ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಯೆರೆಮೀಯ ಬರೆದದ್ದು ಬೇರೆ ಥರ. ಮನೆ ಕಟ್ಟಿಕೊಳ್ಳಿ. ತೋಟ ಮಾಡಿ, ಅದರ ಫಲ ತಿನ್ನಿ. ಮಕ್ಕಳಿಗೆ ಮದುವೆ ಮಾಡಿ. ನಿಮ್ಮನ್ನು ಒಯ್ದು ಹಾಕಿದ ಆ ಊರಿನ ಒಳ್ಳೆಯದಕ್ಕೇ ಪ್ರಾರ್ಥಿಸಿ. 10ನೇ ವಚನದಲ್ಲಿ ಅವಧಿಯೂ ಇದೆ: 70 ವರ್ಷ. ಅದಾದ ಮೇಲೆ ಬರುವುದು ನಿಮ್ಮ ಕಾರ್ಡಿನ 11ನೇ ವಚನ, ನಿಮ್ಮ ವಿಷಯದಲ್ಲಿ ನನಗಿರುವುದು ಕೇಡಿನ ಯೋಚನೆಯಲ್ಲ, ಹಿತದ ಯೋಚನೆ ಅಂತ. ಕಾಗದ ಕೇಳಿಸಿಕೊಂಡ ಹಿರಿಯರಲ್ಲಿ ಹೆಚ್ಚಿನವರು ಆ ದಿನ ನೋಡುವ ಮೊದಲೇ ತೀರಿಕೊಂಡಿರುತ್ತಾರೆ. ಆದರೂ ವಾಗ್ದಾನ ಅವರದೂ ಹೌದು. ಅವರಿಗೆ ಸಿಕ್ಕ ಕೆಲಸ ತೋಟ ಮಾಡುವುದು.

ನಿಮ್ಮ ಲೆಕ್ಕದಲ್ಲಿ ಇದು ಏನು ಅಂದರೆ, ಸಾಲ ಒಂದೇ ಏಟಿಗೆ ಹೋಗುತ್ತದೆ ಅನ್ನುವ ಆಸೆಯನ್ನು ಬಿಟ್ಟು ಕೆಲವು ವರ್ಷದ ಯೋಜನೆ ಹಾಕುವುದು. ಯಾರಿಗೆ ಎಷ್ಟು, ಬಡ್ಡಿ ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಕಂತು ಕಡಿಮೆ ಮಾಡಿ ಅವಧಿ ಹೆಚ್ಚಿಸುತ್ತೀರಾ ಅಂತ ಸಾಲ ಕೊಟ್ಟವರನ್ನು ಹೋಗಿ ಕೇಳಿ. ವಸೂಲಿಯವರು ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಮಾಡುತ್ತಾರೆ ಅಂದಿರಲ್ಲ, ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ (ಮೈಕ್ರೋ ಸಾಲವಾದರೆ 9ಕ್ಕೆ ಮುಂಚೆ, 6ರ ಮೇಲೆ) ಹಾಗೆ ಕರೆ ಮಾಡುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಮೈಕ್ರೋ ಸಾಲದ ಕಿರುಕುಳದ ವಿರುದ್ಧ ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತಂದಿತು. ಮನೆ ಬಾಗಿಲಿಗೆ ಬಂದು ಹೆದರಿಸಿದರೆ ಪೊಲೀಸ್ ಠಾಣೆಗೆ ಹೋಗಿ. ಠಾಣೆಗೆ ಹೋದರೆ ದೇವರ ಮೇಲೆ ಭರವಸೆ ಇಲ್ಲ ಅಂತ ಅರ್ಥವಲ್ಲ. ಅಪೊಸ್ತಲ ಪೌಲನನ್ನು ಚಾವಟಿಯಿಂದ ಹೊಡೆಯಲು ಕಟ್ಟಿದಾಗ ಅವನೂ 'ನಾನು ರೋಮ್ ಪ್ರಜೆ, ವಿಚಾರಣೆ ಇಲ್ಲದೆ ಹೊಡೆಯಬಹುದಾ' ಅಂತ ಕಾನೂನನ್ನೇ ಕೇಳಿದ (ಅಪೊಸ್ತಲರ ಕೃತ್ಯಗಳು 22:25).

ಇನ್ನು ಫಿಲಿಪ್ಪಿ, ಅಂದರೆ ಆ ಊರಿನ ಕ್ರೈಸ್ತ ಸಭೆಗೆ ಪೌಲ ಬರೆದ ಪತ್ರ. ಬಲಕೊಡುವಾತನಲ್ಲಿ ನಾನು ಎಲ್ಲಕ್ಕೂ ಶಕ್ತ ಅನ್ನುವ ಮಾತು. ಕ್ರಿಕೆಟ್ ಆಟಗಾರರಿಂದ ಹಿಡಿದು ಪಿಯುಸಿ ಪರೀಕ್ಷೆ ಬರೆಯುವವರವರೆಗೆ ಎಲ್ಲರಿಗೂ ಇದು ಬೇಕು. ಪೌಲ ಇದನ್ನು ಬರೆದದ್ದು ಸೆರೆಯಿಂದ. ಮುಂಚಿನ ವಚನದಲ್ಲಿ ಅವನು ಹೇಳುತ್ತಿರುವುದು ಹೊಟ್ಟೆ ತುಂಬಿದ್ದಾಗಲೂ ಹಸಿದಾಗಲೂ ಬದುಕುವುದನ್ನು ಕಲಿತಿದ್ದೇನೆ ಅಂತ. 'ಕಲಿತಿದ್ದೇನೆ' ಅನ್ನುತ್ತಾನೆ. ಅಂದರೆ ಒಂದು ರಾತ್ರಿಯ ಪ್ರಾರ್ಥನೆಗೆ ಬಂದದ್ದಲ್ಲ ಅದು.

ನಿಮಗೆ ಅದಕ್ಕಿಂತ ಮುಖ್ಯವಾದದ್ದು ನಂತರದ ವಚನಗಳು. 14ರಲ್ಲಿ, ಆದರೂ ನನ್ನ ಕಷ್ಟದಲ್ಲಿ ನೀವು ಪಾಲುಗಾರರಾದದ್ದು ಒಳ್ಳೆಯದಾಯಿತು ಅನ್ನುತ್ತಾನೆ. 18ರ ಹೊತ್ತಿಗೆ, ಎಪಫ್ರೊದೀತನ ಕೈಯಲ್ಲಿ ನೀವು ಕಳಿಸಿದ್ದು ಮುಟ್ಟಿತು ಅಂತ ರಸೀದಿಯನ್ನೇ ಕೊಡುತ್ತಾನೆ! 'ಎಲ್ಲಕ್ಕೂ ಶಕ್ತ' ಅನ್ನುವ ಆ ಗಟ್ಟಿ ವಾಕ್ಯ ಕೂತಿರುವುದು ಹಣ ಕಳಿಸಿದವರಿಗೆ ಹೇಳಿದ ವಂದನೆಯ ಮಧ್ಯೆ. ನೀವು ಅದನ್ನು ಫೋನಿನಲ್ಲಿ ಇಟ್ಟುಕೊಂಡು, ಕಷ್ಟ ಮಾತ್ರ ಯಾರಿಗೂ ಗೊತ್ತಾಗಬಾರದು ಅಂತ ಒಬ್ಬರೇ ಹೊರುತ್ತಿದ್ದೀರಿ. ಪೌಲ ಹಾಗೆ ಮಾಡಲಿಲ್ಲ. ಹೆಂಡತಿಗೆ ಪೂರ್ತಿ ಹೇಳಿ, ಈ ವಾರವೇ. ಆಮೇಲೆ ಸಭೆಯಲ್ಲಿ ಬಾಯಿ ಬಿಗಿ ಇರುವ ಒಬ್ಬರಿಗೆ ಹೇಳಿ. ಸಾಕ್ಷಿ ಹೇಳುವ ಸಮಯದಲ್ಲಿ ಮೈಕ್ ಹಿಡಿದು ಹೇಳಬೇಕಾಗಿಲ್ಲ, ನಮ್ಮ ಸಭೆಗಳಲ್ಲಿ ಸುದ್ದಿ ಹೇಗೆ ಓಡುತ್ತದೆ ಅಂತ ಗೊತ್ತಲ್ವಾ.

ಚಿಂತೆ ಬಂದರೆ ಪಾಪ ಅಂತಲೂ ಹೆದರಿದ್ದೀರಿ. ಯಾವುದಕ್ಕೂ ಚಿಂತೆ ಮಾಡಬೇಡಿ ಅಂತ ಬರೆದ ಅದೇ ಪೌಲ 2 ಕೊರಿಂಥ 11:28ರಲ್ಲಿ, ಎಲ್ಲ ಸಭೆಗಳ ಚಿಂತೆ ದಿನಾ ನನ್ನನ್ನು ಒತ್ತುತ್ತಿದೆ ಅನ್ನುತ್ತಾನೆ. ಸಾಕಲ್ಲ.

ವಚನಗಳನ್ನು ಹೀಗೆ ಬಿಡಿಬಿಡಿಯಾಗಿ ಓದುವ ಅಭ್ಯಾಸಕ್ಕೆ ಒಂದು ಕಾರಣ ಅಚ್ಚಿನ ಪುಟವೇ. ಈಗಿರುವ ಅಧ್ಯಾಯಗಳ ವಿಂಗಡಣೆ ಬಂದದ್ದು 13ನೇ ಶತಮಾನದಲ್ಲಿ. ಹೊಸ ಒಡಂಬಡಿಕೆಗೆ ಈಗಿನ ವಚನ ಸಂಖ್ಯೆ ಹಾಕಿದ್ದು ರಾಬರ್ಟ್ ಎತಿಯೆನ್ ಎಂಬ ಮುದ್ರಕ, 1551ರಲ್ಲಿ. ಅದಕ್ಕೆ ಮುಂಚೆ ಪೌಲನ ಪತ್ರ ಅಂದರೆ ಸಭೆ ಸೇರಿದಾಗ ಗಟ್ಟಿಯಾಗಿ ಓದಿ ಕೇಳಿಸುವ ಪತ್ರ. ಫಿಲಿಪ್ಪಿಯವರಿಗೆ ಬರೆದದ್ದು ಒಟ್ಟು 104 ವಚನ. ಒಂದು ಲೋಟ ಕಾಫಿ ಕುಡಿಯುವ ಹೊತ್ತಿಗೆ ಸ್ವಲ್ಪ ಜಾಸ್ತಿ ಹಿಡಿಯಬಹುದು. ವಾರಕ್ಕೊಮ್ಮೆ ಒಂದು ಪತ್ರ ಪೂರ್ತಿ ಓದಿ, ಅದರಲ್ಲಿ ಅವರಿಗೆ ಏನು ಮಾಡಲು ಹೇಳಿದ್ದಾರೆ ಅಂತ ಹುಡುಕಿ, ಒಂದನ್ನು ಮಾಡಿ. ನಾನು ಹೇಳುವ ವಿಧಾನ ಇಷ್ಟೇ.

ಒಂಟಿ ವಚನ ಹಿಡಿದು ಎಲ್ಲಿಗೆ ಬೇಕಾದರೂ ಹೋಗಬಹುದು ಅನ್ನುವುದಕ್ಕೆ ಸತ್ಯವೇದದಲ್ಲೇ ಉದಾಹರಣೆ ಇದೆ. ಮತ್ತಾಯ 4ರಲ್ಲಿ ಯೇಸುವಿಗೆ 'ಗೋಪುರದಿಂದ ಹಾರು, ದೂತರು ಹಿಡಿಯುತ್ತಾರೆ' ಅಂತ 91ನೇ ಕೀರ್ತನೆಯನ್ನು ಹೇಳಿದವನು ಸೈತಾನ. ಯೇಸು ಕೊಟ್ಟ ಮೂರೂ ಉತ್ತರ ಧರ್ಮೋಪದೇಶಕಾಂಡದ 6 ಮತ್ತು 8ನೇ ಅಧ್ಯಾಯದವು. ಇಸ್ರಾಯೇಲ್ಯರು 40 ವರ್ಷ ಅಡವಿಯಲ್ಲಿ ಹಸಿದು, ಗೊಣಗಿ, ಕಲಿತದ್ದನ್ನು ನೆನಪಿಸುವ ಭಾಗ ಅದು. 40 ದಿನ ಅಡವಿಯಲ್ಲಿ ಹಸಿದಿದ್ದ ಯೇಸು ತನ್ನಂಥದೇ ಕಷ್ಟದ ನಡುವೆ ಹುಟ್ಟಿದ ಮಾತನ್ನು ಆರಿಸಿಕೊಂಡ.

ಸಿಟ್ಟಿನ ಬಗ್ಗೆ ಎಫೆಸ 4:26 ನಿಮಗೆ ಗೊತ್ತೇ ಇದೆ. ಸಿಟ್ಟೇ ಬರಬಾರದು ಅಂತ ಅಲ್ಲಿಲ್ಲ, ಹೊತ್ತು ಮುಳುಗುವುದರೊಳಗೆ ಬಿಡಬೇಕು ಅನ್ನುವ ಗಡುವಿದೆ. ಮತ್ತಾಯ 5:23-24 ಇನ್ನೂ ಬಿಗಿ. ಕಾಣಿಕೆ ತಂದಾಗ ಸಹೋದರನಿಗೆ ನಿನ್ನ ಮೇಲೆ ಮನಸ್ತಾಪ ಇದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಹೋಗಿ ಸಮಾಧಾನ ಮಾಡಿಕೋ ಅಂತ. ಯೇಸು ಇದನ್ನು ಹೇಳಿದ್ದು ಗಲಿಲಾಯದಲ್ಲಿ. ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ, ಮೂರು ದಿನದ ನಡಿಗೆ. ಅಷ್ಟು ದೂರ ವಾಪಸ್ ಹೋಗು ಅಂದ ಹಾಗಾಯಿತು. ನಿಮಗೆ ಪಕ್ಕದ ಕೋಣೆಗೆ ಹೋದರೆ ಸಾಕು. ಬೈದ ದಿನ ರಾತ್ರಿ ಕುಟುಂಬ ಪ್ರಾರ್ಥನೆಗೆ ಕೂರುವ ಮುಂಚೆ ಮಗಳ ಹತ್ತಿರ 'ತಪ್ಪಾಯ್ತು' ಅನ್ನಿ. ಅಪ್ಪಂದಿರಿಗೆ ಇದು ಉಪವಾಸಕ್ಕಿಂತ ಕಷ್ಟ.

ನಿದ್ದೆ ಇಲ್ಲದಿರುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 1 ಅರಸುಗಳು 19ರಲ್ಲಿ ಪ್ರವಾದಿ ಎಲೀಯ ಗಿಡದ ಕೆಳಗೆ ಕೂತು ಸಾವು ಬೇಡಿದ. ದೇವದೂತ ಬೈಯಲಿಲ್ಲ, ಪ್ರಸಂಗ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ, ಮಲಗಲು ಬಿಟ್ಟ, ಮತ್ತೆ ಎಬ್ಬಿಸಿ ತಿನ್ನಿಸಿದ. ದೇವರು ಮಾತಾಡಿದ್ದು ಅದಾದ ಮೇಲೆ. ಡಾಕ್ಟರನ್ನು ನೋಡಿ. ಬದುಕೇ ಬೇಡ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಪ್ರಾರ್ಥನೆಗೆ ಮಾತು ಹೊರಡದಿದ್ದರೆ 88ನೇ ಕೀರ್ತನೆ ಓದಿ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೊಂದು ಸ್ತೋತ್ರವೂ ಇಲ್ಲ. ಹಾಗಿದ್ದೂ ಅದನ್ನು ಯಾರೂ ತೆಗೆದುಹಾಕಲಿಲ್ಲ.

ಬೆಳವಣಿಗೆ ಗೊತ್ತಾಗುವುದು ಹೇಗೆ ಅಂದಿರಿ. ಎಷ್ಟು ಅಧ್ಯಾಯ ಓದಿದೆ ಅನ್ನುವುದರಿಂದ ಗೊತ್ತಾಗುವುದಿಲ್ಲ. ಗಲಾತ್ಯ 5ರಲ್ಲಿ ಆತ್ಮದ ಫಲ ಅಂತ ಹೇಳಿದ್ದರಲ್ಲಿ ಪ್ರೀತಿ, ತಾಳ್ಮೆ, ದಯೆ, ಸಾಧುತ್ವ ಇವೆಲ್ಲ ಎದುರಿಗೆ ಇನ್ನೊಬ್ಬರು ಇದ್ದಾಗ ಕಾಣುವಂಥವು. ಹಾಗಾಗಿ ಆರು ತಿಂಗಳು ಬಿಟ್ಟು ನನ್ನನ್ನು ಕೇಳಬೇಡಿ, ಹೆಂಡತಿಯನ್ನು ಕೇಳಿ. ಅವರು ಏನು ಹೇಳಿದರೂ ಆ ದಿನ ವಾದ ಮಾಡಬೇಡಿ.