ಒಂದೇ ಬೈಬಲ್ ವಚನವನ್ನು ಮತ್ತೆ ಮತ್ತೆ ಓದುತ್ತಿದ್ದ ಟೀಚರ್

ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ವಿವರ ಬದಲಿಸಿ ಬರೆಯುತ್ತಿದ್ದೇನೆ. ಮೂವತ್ತೈದರ ಆಸುಪಾಸಿನ ಟೀಚರ್, ಚಿಕ್ಕಂದಿನಿಂದ ಸಭೆಗೆ, ಅಂದರೆ ಚರ್ಚಿಗೆ ಹೋಗುವವರು. ನನ್ನ ಹತ್ತಿರ ಬಂದಿದ್ದು ನಿದ್ದೆ ಬರುತ್ತಿಲ್ಲ ಅಂತ.

ಕೇಳುತ್ತಾ ಹೋದಾಗ ವಿಷಯ ಗೊತ್ತಾಯಿತು. ವರ್ಷದೊಳಗೆ ಸತ್ಯವೇದ (ಬೈಬಲ್) ಓದಿ ಮುಗಿಸುವ ಪಟ್ಟಿ ಹಿಡಿದಿದ್ದರು. 66 ಪುಸ್ತಕ, 1,189 ಅಧ್ಯಾಯ, ಅಂದರೆ ದಿನಕ್ಕೆ ಮೂರು-ನಾಲ್ಕು. ಯಾಜಕಕಾಂಡದಲ್ಲಿ ಬಲಿಯ ನಿಯಮ ಓದುವಾಗ ಮನಸ್ಸು ಅಡುಗೆಮನೆ ಕಡೆ ಹೋದರೆ, ಭಯಭಕ್ತಿಯಿಂದ ಓದಲಿಲ್ಲ ಅನ್ನಿಸಿ ಅಧ್ಯಾಯವನ್ನು ಮೊದಲಿಂದ ಓದುವುದು. ಆಮೇಲೆ ಒಂದೊಂದು ವಚನಕ್ಕೂ ಹಾಗೆಯೇ. ಮಧ್ಯರಾತ್ರಿ ಗಂಡನನ್ನು ಎಬ್ಬಿಸಿ "ರೀ, ಸರಿಯಾಗಿ ಓದಿದೆ ಅಲ್ವಾ?" ಅಂತ ಕೇಳುವುದು, ಅವರು ಹೂಂ ಅಂದರೆ ಸ್ವಲ್ಪ ಹೊತ್ತು ಸಮಾಧಾನ, ಮತ್ತೆ ಅದೇ.

ಇದು ಗೀಳು ಕಾಯಿಲೆ (ಒಸಿಡಿ) ಅನ್ನಿಸಿತು. ಅದು ಕೆಲವರಿಗೆ ಕೈತೊಳೆಯುವ ರೂಪದಲ್ಲಿ ಬರುತ್ತದೆ, ಕೆಲವರಿಗೆ ಪಾಪದ ಭಯವಾಗಿ. ಅವರ ನಂಬಿಕೆಯಲ್ಲಿ ಕೊರತೆ ಹುಡುಕುವುದು ಅನ್ಯಾಯ. ಮನೋವೈದ್ಯರ ಹತ್ತಿರ ಕಳಿಸಿದೆ, ಅವರೂ ಗೀಳು ಕಾಯಿಲೆಯೇ ಅಂತ ಹೇಳಿ ಮಾತ್ರೆ ಶುರು ಮಾಡಿದರು. ಪ್ರಾಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಮಾರ್ಟಿನ್ ಲೂಥರ್ ಮಠದಲ್ಲಿದ್ದಾಗ ಗಂಟೆಗಟ್ಟಲೆ ಪಾಪನಿವೇದನೆ ಮಾಡಿಯೂ ಏನೋ ಬಿಟ್ಟುಹೋಯಿತು ಅಂತ ಒದ್ದಾಡುತ್ತಿದ್ದರು ಅಂತ ನಾನು ಅಂದಾಗ ಟೀಚರ್ ಅತ್ತುಬಿಟ್ಟರು. "ನನಗೊಬ್ಬಳಿಗೇ ಹೀಗೆ ಅಂದುಕೊಂಡಿದ್ದೆ ಮೇಡಂ."

ನಾನು ಹೇಳಿದ್ದು ಇಷ್ಟು. ಪಟ್ಟಿ ಬಿಡಿ. ಮಾರ್ಕನ ಸುವಾರ್ತೆ ತೆಗೆಯಿರಿ, ಯೇಸುವಿನ ಜೀವನ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ರಾತ್ರಿ ಬೇಡ, ಬೆಳಿಗ್ಗೆ ಒಂದು ಘಟನೆ ಓದಿ, ಒಂದೇ ಸಲ. ಮನಸ್ಸು ಅಲೆದರೂ ಹಿಂದಕ್ಕೆ ಹೋಗಬೇಡಿ. ಭಯ ಬರುತ್ತದೆ, ಬರಲಿ. ಅದನ್ನು ಓಡಿಸಲು ಮತ್ತೆ ಓದಿದರೆ ಭಯ ಬೆಳೆಯುತ್ತದೆ, ಸುಮ್ನೆ ಬಿಟ್ಟರೆ ನಿಧಾನವಾಗಿ ಇಳಿಯುತ್ತದೆ. ಇದು ಮೊದಮೊದಲು ತುಂಬಾ ಕಷ್ಟ. ಗಂಡನಿಗೂ ಹೇಳಿದೆ: "ಸರಿಯಾಗಿ ಓದಿದೆ ಅನ್ನಬೇಡಿ. ಇದು ಕಾಯಿಲೆ ಕೇಳಿಸುತ್ತಿರುವ ಪ್ರಶ್ನೆ, ಉತ್ತರ ಕೊಡಲ್ಲ ಅಂತ ಪ್ರೀತಿಯಿಂದ ಹೇಳಿ."

"ಅರೆಮನಸ್ಸಿಂದ ಓದಿದರೆ ಕರ್ತನು ಒಪ್ಪುತ್ತಾನಾ?" ಅಂತ ಕೇಳಿದರು. ನಾನೂ ವಿಶ್ವಾಸಿ, ಆದ್ದರಿಂದ ಒಂದು ಸಲ ಮಾತ್ರ ಉತ್ತರಿಸಿದೆ. ಲೂಕನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಯೇಸು ಹೇಳಿದ ಕಥೆಯೊಂದಿದೆ. ಧರ್ಮನಿಯಮ ಕಟ್ಟುನಿಟ್ಟಾಗಿ ಪಾಲಿಸುವ ಫರಿಸಾಯನು ಪ್ರಾರ್ಥನೆಯಲ್ಲಿ ಉಪವಾಸ, ದಶಮಾಂಶದ (ಆದಾಯದ ಹತ್ತನೇ ಒಂದು ಪಾಲಿನ ಕಾಣಿಕೆ) ಲೆಕ್ಕ ಒಪ್ಪಿಸುತ್ತಾನೆ. ಜನ ಪಾಪಿ ಅಂತ ಎಣಿಸುತ್ತಿದ್ದ ಸುಂಕದವನು ದೂರ ನಿಂತು, ತಲೆಯೆತ್ತಲೂ ಆಗದೆ, ಪಾಪಿಯಾದ ನನ್ನನ್ನು ಕರುಣಿಸು ಅನ್ನುತ್ತಾನೆ, ಅಷ್ಟೇ. ನೀತಿವಂತನೆನಿಸಿಕೊಂಡು ಮನೆಗೆ ಹೋದವನು ಅವನೇ. ಎಷ್ಟು ಗಮನವಿಟ್ಟು ಪ್ರಾರ್ಥಿಸಿದ ಅಂತ ಯೇಸು ಅಳೆಯಲಿಲ್ಲ.

ಈಗ ನಿದ್ದೆ ಪರವಾಗಿಲ್ಲ. ಮಾರ್ಕ ಮುಗಿಸಿ ಸತ್ಯವೇದದ ಕೀರ್ತನೆಗಳ ಪುಸ್ತಕಕ್ಕೆ ಬಂದಿದ್ದಾರೆ, ಕೆಲವು ದಿನ ಹಳೇ ಒದ್ದಾಟ ಇದ್ದೇ ಇದೆ. ಕಳೆದ ಸಲ ಬಂದಾಗ, ಮಾತ್ರೆ ತಗೊಳ್ಳುವುದು ನಂಬಿಕೆ ಇಲ್ಲದವರು ಅಂತ ಯಾರೋ ಅಂದರಂತೆ, ನಿಲ್ಲಿಸಲಾ ಅಂತ ಕೇಳಿದರು. ವೈದ್ಯರನ್ನು ಕೇಳದೆ ನೀವಾಗೇ ನಿಲ್ಲಿಸಬೇಡಿ ಅಂದೆ. ಅಪೊಸ್ತಲ ಪೌಲನ ಜೊತೆಗಿದ್ದ ಲೂಕನೇ ವೈದ್ಯ, ಪೌಲನು ಕೊಲೊಸ್ಸೆಯವರಿಗೆ ಬರೆದ ಪತ್ರದ ಕೊನೆಯಲ್ಲಿ ಇದೆ, ನೋಡಿ ಅಂದೆ. ಅವರ ಪಾಸ್ಟರ್ ಕೂಡ ಮಾತ್ರೆ ಬಿಡಬೇಡಮ್ಮ ಅಂತಲೇ ಹೇಳಿದ್ದಾರೆ.