2008ರ ಆರ್ಥಿಕ ಕುಸಿತದಲ್ಲಿ ಬ್ಯಾಂಕ್‌ಗಳಿಗೆ ಬೇಗ ಸಿಕ್ಕ ಸರ್ಕಾರಿ ನೆರವು ಅಮೆರಿಕದ ಕಾರು ಕಂಪನಿಗಳಿಗೆ ಯಾಕೆ ಅಷ್ಟು ಕಷ್ಟವಾಯಿತು?

ಮಾನ ಹೋಗಿದ್ದು ವಿಮಾನದಿಂದ. 2008ರ ನವೆಂಬರ್‌ನಲ್ಲಿ ಜನರಲ್ ಮೋಟಾರ್ಸ್ (ಜಿಎಂ), ಫೋರ್ಡ್, ಕ್ರೈಸ್ಲರ್ ಮುಖ್ಯಸ್ಥರು 2,500 ಕೋಟಿ ಡಾಲರ್ ಸಾಲ ಕೇಳಲು ವಾಷಿಂಗ್ಟನ್‌ಗೆ ಬಂದರು. ಬಂದಿದ್ದು ಒಬ್ಬೊಬ್ಬರೂ ಒಂದೊಂದು ಖಾಸಗಿ ಜೆಟ್‌ನಲ್ಲಿ! ಆಡಿಕೊಳ್ಳುವವರಿಗೆ ಇನ್ನೇನು ಬೇಕು? ಮುಂದಿನ ತಿಂಗಳು ಅವರೇ ಡೆಟ್ರಾಯಿಟ್‌ನಿಂದ ಹೈಬ್ರಿಡ್ ಕಾರುಗಳಲ್ಲಿ ರಸ್ತೆ ಹಿಡಿದು ಬಂದರು. ಅಷ್ಟರಲ್ಲಿ ಜನ ನಕ್ಕು ಮುಗಿಸಿದ್ದರು.

ಇನ್ನೊಂದು ಕೂಲಿಯ ಮಾತು. ಕಾರ್ಮಿಕರಿಗೆ ಗಂಟೆಗೆ 70 ಡಾಲರ್ ಸಂಬಳವಂತೆ ಅಂತ ಎಲ್ಲೆಡೆ ಹಬ್ಬಿತು. ಅದು ಕೈಗೆ ಬರುವ ದುಡ್ಡಲ್ಲ. ನಿವೃತ್ತರ ಪಿಂಚಣಿ, ಆಸ್ಪತ್ರೆ ಖರ್ಚನ್ನೂ ಸೇರಿಸಿ ಮಾಡಿದ ಲೆಕ್ಕ. ಅಸಲಿ ಕೂಲಿ ಸುಮಾರು 28 ಡಾಲರ್. ಬ್ಯಾಂಕಿನವರ ಬೋನಸ್ಸನ್ನು ಯಾರೂ ಗಂಟೆ ಲೆಕ್ಕದಲ್ಲಿ ಹೇಳಲಿಲ್ಲ, ಅಲ್ವಾ?

ರಾಜಕೀಯವೂ ಸೇರಿಕೊಂಡಿತು. ಜೋರಾಗಿ ವಿರೋಧಿಸಿದವರಲ್ಲಿ ಸೆನೆಟರ್ ರಿಚರ್ಡ್ ಶೆಲ್ಬಿ ಒಬ್ಬರು. ಅವರ ರಾಜ್ಯ ಅಲಬಾಮಾದಲ್ಲಿ ಇವರಿಗೆ ಪೈಪೋಟಿ ಕೊಡುವ ವಿದೇಶಿ ಕಂಪನಿಗಳಾದ ಮರ್ಸಿಡಿಸ್, ಹೋಂಡಾ, ಹ್ಯುಂಡೈ ಕಾರ್ಖಾನೆಗಳಿದ್ದವು, ಯೂನಿಯನ್ ಇಲ್ಲದವು. ಡಿಸೆಂಬರ್‌ನಲ್ಲಿ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲೇ ಕಾರು ಕಂಪನಿಗಳಿಗೆ ಸಾಲ ಕೊಡುವ ಮಸೂದೆ ನಿಂತುಹೋಯಿತು. ಕೊನೆಗೆ ಅಧ್ಯಕ್ಷ ಬುಷ್, ಬ್ಯಾಂಕ್‌ಗಳಿಗೆಂದು ಎತ್ತಿಟ್ಟಿದ್ದ 70,000 ಕೋಟಿ ಡಾಲರ್ ನಿಧಿಯಿಂದ ಜಿಎಂ, ಕ್ರೈಸ್ಲರ್‌ಗೆ 1,740 ಕೋಟಿ ಕೊಡಲು ಒಪ್ಪಿದರು. ಫೋರ್ಡ್ ಆ ಹಣ ಮುಟ್ಟಲಿಲ್ಲ.

ಹಾಗಂತ ಕಂಪನಿಗಳೇನು ಪಾಪದವಲ್ಲ. ಪೆಟ್ರೋಲ್ ದುಬಾರಿಯಾದಾಗಲೂ ದೊಡ್ಡ ಎಸ್‌ಯುವಿ, ಪಿಕಪ್‌ಗಳನ್ನೇ ನಂಬಿ ಕೂತಿದ್ದವು. ಆದರೂ ತಾರತಮ್ಯ ಕಣ್ಣಿಗೆ ಹೊಡೆಯುತ್ತದೆ. 2009ರ ಮಾರ್ಚ್‌ನಲ್ಲಿ ಒಬಾಮ ಸರ್ಕಾರ ಜಿಎಂ ಮುಖ್ಯಸ್ಥ ರಿಕ್ ವ್ಯಾಗನರ್ ಅವರನ್ನು ಮನೆಗೆ ಕಳಿಸಿತು. ನೆರವು ಪಡೆದ ದೊಡ್ಡ ಬ್ಯಾಂಕ್‌ಗಳ ಮುಖ್ಯಸ್ಥರಲ್ಲಿ ಹೆಚ್ಚಿನವರು ಆಗ ಕುರ್ಚಿಯಲ್ಲೇ ಇದ್ದರು.